ಗುಂಡಣ್ಣನವರ ಲೆನ್ಸ್

ನವಿ ಮುಂಬೈಯ ಸೀವುಡ್ಸ್ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕ್ಯಾಮೆರಾ ಬ್ಯಾಗು ಇಟ್ಟುಕೊಂಡು ಕೂತಿದ್ದರು. ಮಾತು ಬೆಂಗಳೂರಿನದು.

"ದೊಡ್ಡ ಹಡಗು ಬೇಡ ನಳಿನಿ. ಅದು ಹಕ್ಕಿಗಳಿರೋ ದ್ವೀಪದ ಹತ್ರಾನೇ ಹೋಗಲ್ಲ."

"ಸಣ್ಣದೇ ಬುಕ್ ಮಾಡು ಜಯಂತ್. ಆದ್ರೆ ಗುಂಡಣ್ಣ ಸರ್ ಬೇಡ. ಈ ವಯಸ್ಸಲ್ಲಿ ಹಡಗಿಂದ ರಬ್ಬರ್ ದೋಣಿಗೆ ಅವರನ್ನ ಇಳಿಸೋ ಹೊತ್ತಿಗೆ ಬೆಳಕೇ ಹೋಗಿರತ್ತೆ."

"ಈ ಹಡಗು ಹುಡುಕಿದ್ದೇ ಅವರು."

"ಕ್ಯಾಮೆರಾ ಹಿಡಿಯೋದು ಕಲಿಸಿದ್ದೂ ಅವರೇ. ಈಗ ಕೈ ನಡುಗತ್ತಲ್ಲ."

"ಏನಂತ ಹೇಳ್ಲಿ?"

"ಕ್ಯಾಬಿನ್ ಎಲ್ಲಾ ಫುಲ್ ಅನ್ನು. ಸಣ್ಣ ಹಡಗು ತಾನೆ, ನಂಬ್ತಾರೆ."

ಅವನು ಫೋನ್ ಮಾಡಿ ಹಾಗೆಯೇ ಹೇಳಿದ. ಆ ಕಡೆಯ ಮಾತನ್ನು ತುಸು ಹೊತ್ತು ಕೇಳಿಸಿಕೊಂಡು ಇಟ್ಟ.

"ಪರವಾಗಿಲ್ಲ ಅಂದ್ರು. ಹಕ್ಕಿ ಮರಿ ಮಾಡಿದ್ರೆ ತುಂಬಾ ಹತ್ರ ಹೋಗ್ಬೇಡಿ, ದೂರದಿಂದ್ಲೇ ತೆಗೀರಿ ಅಂದ್ರು."

"ಲೆನ್ಸ್ ಕೇಳಿದ್ಯಾ?"

"ಯಾವ್ದು?"

"ಅವರ ದೊಡ್ಡ ಲೆನ್ಸು. ದೂರದಿಂದ ತೆಗೀಬೇಕು ಅಂದ್ರೆ ಅದೇ ಬೇಕು. ಹೇಗೂ ಅವರು ಬರ್ತಿಲ್ವಲ್ಲ, ಮನೇಲಿಟ್ಕೊಂಡು ಏನ್ಮಾಡ್ತಾರೆ?"

ಲೋಕಲ್ ರೈಲು ಬಂತು. ಹತ್ತುವಾಗ ಅವನು ಮತ್ತೆ ಅದೇ ನಂಬರಿಗೆ ಫೋನ್ ಹಚ್ಚಿ, "ಸರ್, ಇನ್ನೊಂದು ವಿಷಯ" ಎನ್ನುತ್ತಿದ್ದ.