ಅಣ್ಣನ ಹೆಸರಿನ ಕಾಗದ

…ನಗಬಾರದಾ ಅಪ್ಪ? ಅಣ್ಣನ ಕಾಗದ ಓದ್ತಾ ಇದ್ದೀನಿ, ನೀವು ನೋಡಿದ್ರೆ ಹರಳೆಣ್ಣೆ ಕುಡಿದವರ ಹಾಗೆ ಕೂತಿದ್ದೀರಿ! ಈ ಕೋಣೆಯ ಹೊರಗೆ ಹಾಲ್ ತುಂಬ ಜನ. ಅಮ್ಮ ಮೊದಲನೇ ಸಾಲಲ್ಲಿ, ಹೊಸ ಚಪ್ಪಲಿ ಕಚ್ಚುತ್ತೆ ಅಂತ ಒಂದು ಕಾಲಿಂದು ಬಿಚ್ಚಿಟ್ಟು ಕಾಯ್ತಿದ್ದಾಳೆ. ಸೇನೆಯ ದಾಖಲೆ ಕಚೇರೀಲಿ ಮೂವತ್ತೆಂಟು ವರ್ಷ ಕುರ್ಚಿ ಸವೆಸಿದ್ದಕ್ಕೆ ಇವತ್ತು ನಿವೃತ್ತಿ ಸನ್ಮಾನ, ಸುಮ್ಮನೇನಾ? ಒಂದು ದಿನಾನೂ ಬಂದೂಕು ಮುಟ್ಟದೆ ಅರ್ಧ ಸೇನೆಗೆ ರಜೆ, ಬಡ್ತಿ, ವರ್ಗ ಕೊಟ್ಟವರು ನೀವು!

ಕೇಳಿ. 'ಅಪ್ಪಾ, ಗಡಿ ಠಾಣೆ, ರಜೆ ಸಿಗಲಿಲ್ಲ. ನಾಳೆಯಿಂದ ಸಹಿ ಹಾಕೋಕೆ ಕೈ ತುರಿಸಿದ್ರೆ ತಮ್ಮನ ಪ್ರಗತಿಪತ್ರಕ್ಕೆ ಹಾಕಿ. ಇಷ್ಟು ದಿನ ನಿಮ್ಮ ಸಹಿ ಅವನೇ ಹಾಕ್ಕೊಂಡಿದ್ದು!' ಹ್ಹಹ್ಹ! ಥೇಟ್ ಅಣ್ಣ, ಅಲ್ವಾ?

ಅಯ್ಯೋ, ಕೊಡ್ತೀನಿ, ಕಿತ್ಕೋಬೇಡಿ! ಅಕ್ಷರ? ಹೂಂ, ಕೋಳಿ ಕೆದರಿದ ಹಾಗಿದೆ. ಚಳಿಗೆ ಕೈ ಮರಗಟ್ಟಿರತ್ತೆ, ಪಾಪ. ತಾರೀಖು… ಈ ಸೋಮವಾರದ್ದು. ಅದರ ಮೇಲ್ಯಾಕೆ ಬೆರಳಿಟ್ಟಿದ್ದೀರಿ? ಸೋಮವಾರ ಬರೀಬಾರದಾ ಅವನು?

…ಆಯ್ತು, ನಾನೇ ಬರೆದೆ. ಬೈರಿ. ಎಂಟನೇ ಕ್ಲಾಸಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಒಂದು ಪುಟ ಬರೆದಿದ್ದೀನಿ, ಅದಕ್ಕಾದ್ರೂ… ಬೈರಿ ಅಪ್ಪ! ಕಿವಿ ಇಲ್ಲೇ ಇದೆ, ಹಿಂಡಿ!

ಯಾಕೆ ಅಳ್ತಿದ್ದೀರಿ?

ನಿಮಗೆ… ಗೊತ್ತಾ?

ಗುರುವಾರ ಅಂಚೆಯವನ ಕೈಯಿಂದ ನಾನೇ ಇಸ್ಕೊಂಡೆ, ನಿಮ್ಮ ಕಚೇರಿಯಿಂದ ಬಂದ ಆ ಕಾಗದನ. ಅಮ್ಮನಿಗೆ ತೋರಿಸಿಲ್ಲ. ಇವತ್ತೊಂದು ದಿನ ಕಳೀಲಿ ಅಂತ… ಕೆಳಗೆ ನಿಮ್ಮದೇ ಸಹಿ ಇತ್ತು. ಇದ್ರೇನು, ದಿನಕ್ಕೆ ನೂರು ಕಾಗದ, ಕಣ್ಮುಚ್ಚಿ ಹಾಕ್ತೀನಿ ಅಂತ ನೀವೇ ಹೇಳ್ತಿದ್ರಲ್ಲ! ಓದಿರಲ್ಲ ಅನ್ಕೊಂಡೆ… ಓದಿದ್ರಾ? ಅಣ್ಣನ ಹೆಸರು, 'ಕರ್ತವ್ಯದಲ್ಲಿದ್ದಾಗ ಮರಣ', ತಾರೀಖು ಭಾನುವಾರದ್ದು… ಎಲ್ಲ ಓದಿ, ಸಹಿ ಹಾಕಿ, ನಮ್ಮನೆಗೇ ಅಂಚೆಗೆ ಹಾಕಿದ್ರಾ? ಅಮ್ಮನ ಹತ್ರ ಬಾಯಿಬಿಟ್ಟು ಹೇಳೋಕಾಗದೆ? ದಿನಾ ಬಂದ ತಕ್ಷಣ 'ಅಂಚೆ ಬಂತೇನೋ' ಅಂತ ಕೇಳ್ತಿದ್ದದ್ದು ಅದಕ್ಕಾ? ನಾನು 'ಇಲ್ಲ, ಅಂಚೆಯವನಿಗೆ ನಿಮ್ಮ ಮೇಲೆ ಕೋಪ' ಅಂದೆ. ನೀವು ನಕ್ಕಿರಿ! ಎದುರುಬದುರು ಕೂತು ಉಂಡ್ವಿ!

ಏಳ್ಬೇಡಿ, ಇರಿ. ಕಣ್ಣು ಒರೆಸ್ಕೊಳ್ಳಿ. ಮೈಕಲ್ಲಿ ನಿಮ್ಮ ಬಗ್ಗೇನೇ ಮಾತಾಡ್ತಿದ್ದಾರೆ ದೊಡ್ಡ ಸಾಹೇಬರು. ಮೂವತ್ತೆಂಟು ವರ್ಷದಲ್ಲಿ ಇವರ ಮೇಜಿಂದ ಒಂದೇ ಒಂದು ಕಾಗದ ತಪ್ಪು ಮನೆಗೆ ಹೋಗಿಲ್ಲವಂತೆ… ಚಪ್ಪಾಳೆ. ಅಮ್ಮನೂ ತಟ್ತಿದ್ದಾಳೆ.

ಅಪ್ಪ, ಸುಳ್ಳು ಅನ್ನಿ. ಒಂದು ಸಲ ತಪ್ಪಾಗಿದೆ ಅನ್ನಿ. ಬೇರೆ ಯಾರದೋ ಮನೆಗೆ ಹೋಗಬೇಕಾದದ್ದು ಅನ್ನಿ…

ಅಪ್ಪ?