ಮಾತ್ರೆ ಬಿಟ್ಟ ಮೇಲೆ

ಹೆರಿಗೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಕುಳಿತಿದ್ದರು. ತಂಗಿ ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

“ಮಕ್ಕಳಾಗದ ಹಾಗೆ ತಗೊಳ್ತಿದ್ದ ಮಾತ್ರೆ ಬಿಟ್ಟು ವರ್ಷ ಆಯ್ತಕ್ಕ. ಅತ್ತೆದು ಇನ್ನೂ ಅದೇ ರಾಗ. ಮಾತ್ರೆ ನುಂಗಿ ನುಂಗಿ ಗರ್ಭ ಒಣಗಿಸ್ಕೊಂಡೆ ಅಂತಾರೆ.”

“ಡಾಕ್ಟರು ಏನಂದ್ರು?”

“ಬಿಟ್ಟ ಸ್ವಲ್ಪ ದಿನಕ್ಕೇ ಮಾತ್ರೆ ಪ್ರಭಾವ ಹೋಗುತ್ತಂತೆ. ನನ್ನ ರಿಪೋರ್ಟೆಲ್ಲ ಸರಿಯಾಗಿದೆ. ಇನ್ನು ನಮ್ಮ ಯಜಮಾನ್ರನ್ನ ಪರೀಕ್ಷೆ ಮಾಡ್ಬೇಕಂತೆ.”

“ಅವನೇನಂತಾನೆ?”

“ನಂಗೇನು ಧಾಡಿ ಅಂತಾರೆ. ಇವತ್ತೂ ಬರ್ಲಿಲ್ಲ.”

“ಮಾತ್ರೆ ತಗೋ ಅಂದಿದ್ದು ಅವನೇ ತಾನೇ?”

“ಹೂಂ. ಕೆಲಸ ಖಾಯಂ ಆಗ್ಲಿ, ಆಮೇಲೆ ಮಗು ಅಂದ್ರು. ಈಗ ಅವರಮ್ಮ ನನ್ನ ಬೈಯುವಾಗ ಟೀವಿ ಸೌಂಡ್ ಜಾಸ್ತಿ ಮಾಡ್ಕೊಂಡು ಕೂತಿರ್ತಾರೆ.”

“ನೀನಾದ್ರೂ ಅತ್ತೆಗೆ ಹೇಳ್ಬಾರ್ದಾ?”

“ಅವರ ಮರ್ಯಾದೆ ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಸಾಕಾಗಿ ಹೋಗಿದೆಯಕ್ಕ.”

ನರ್ಸ್ ಬಾಗಿಲಿಗೆ ಬಂದು, “ಗಂಡ ಹೆಂಡತಿ ಇಬ್ಬರೂ ಬನ್ನಿ” ಎಂದರು.

ಅಕ್ಕ ಎದ್ದಳು. “ನಡಿ, ನಾನು ಬರ್ತೀನಿ.”

“ನೀನು ಬಂದು ಏನು ಮಾಡ್ತೀಯ? ಬಾ, ಮನೆಗೆ ಹೋಗೋಣ. ಪ್ರತಿ ತಿಂಗಳೂ ಮಾತ್ರೆ ತಂದುಕೊಡ್ತಿದ್ದವರು ಯಾರು ಅಂತ ಇವತ್ತು ಅತ್ತೆ ಎದುರಿಗೇ ಕೇಳ್ತೀನಿ.”

ನರ್ಸ್ ಮತ್ತೆ ಕರೆಯುವಷ್ಟರಲ್ಲಿ ಇಬ್ಬರೂ ಮೆಟ್ಟಿಲಿಳಿದು ಹೋಗಿದ್ದರು.