ನೆಲದಡಿಯ ಕೆಮ್ಮು

ಇದು ನನ್ನ ಗಂಡನ ಚಿಕ್ಕಪ್ಪನ ಮಗಳು ವರ್ಲೀನ್‌ಗೆ ಆದದ್ದು. ಯಾರೋ ಎಲ್ಲೋ ಹೇಳಿದ್ದಲ್ಲ. ನಗುವವರು ಈಗಲೇ ನಕ್ಕು ಮುಗಿಸಿ, ನಡುವೆ ಬಾಯಿ ಹಾಕಬೇಡಿ. ಮಕ್ಕಳು ಮಲಗಿದ್ದಾವೆ ತಾನೇ? ಸರಿ.

ಅವತ್ತು ವರ್ಲೀನ್‌ಗೆ ತಡವಾಗಿತ್ತು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅವಳದು ಸಂಜೆ ಪಾಳಿ. ಕಾರು ಕೆಟ್ಟು ನಿಂತಿತ್ತು. ಜೊತೆಯವಳು ಗಂಟರ್ ಕಣಿವೆಯ ಹಲಗೆ ಸೇತುವೆವರೆಗೆ ಬಿಟ್ಟು ಹೋದಳು. ತಮ್ಮ ಕಾರಿನ ಮೇಲೆ ಪ್ರೀತಿ ಇರುವವರು ಯಾರೂ ಅದನ್ನು ಆ ಸೇತುವೆಗೆ ಹತ್ತಿಸುವುದಿಲ್ಲ. ಅಲ್ಲಿಂದ ನಡಿಗೆ. ಒಂದು ಕಡೆ ಹಳ್ಳ, ಒಂದು ಕಡೆ ಗುಡ್ಡ. ಮನೆಯ ಕೆಳಗಿನ ತಿರುವಿನಲ್ಲಿ ಒಂದು ಸಿಕಮೋರ್ ಮರ, ಅದರ ಬುಡದಲ್ಲಿ ಬಾಯಿ ಮುಚ್ಚಿದ ಹಳೇ ಬಾವಿ. ಬಾವಿಯ ಪಕ್ಕದಲ್ಲಿ ಅವಳ ಗಂಡ ಡೆಲ್ಬರ್ಟ್ ಹೊಸದಾಗಿ ಎಳೆದ ಪೈಪಿನ ಬಾಯಿ. ಮನೆಯಡಿಯ ನೀರನ್ನು ಪಂಪು ಎತ್ತಿ ಇಲ್ಲಿಗೆ ತಂದು ಸುರಿಯುತ್ತಿತ್ತು.

ಅವಳು ಹತ್ತಿರ ಬರುವಾಗ ಮೇಲೆ ಪಂಪು ಗುಂಯ್ ಎಂದಿತು. ಪೈಪಿನಿಂದ ಗಳಗಳ ನೀರು ಬಿತ್ತು. ಆಮೇಲೆ ಠಕ್... ಪಂಪು ನಿಂತಿತು. ತೊಟ್... ತೊಟ್...

ಅದೂ ನಿಂತಿತು.

ಆಮೇಲೆ ಪೈಪಿನೊಳಗಿಂದ... ಖುಹ್. ಖುಹ್, ಖುಹ್.

ಮಗುವಿನ ಕೆಮ್ಮು.

"ಜೋಸಿ?" ಅಂದಳು ವರ್ಲೀನ್, ಮೆಲ್ಲಗೆ.

ಪೈಪು ಸುಮ್ಮನಾಯಿತು. ಮಾತು ಕೇಳಿಸಿಕೊಂಡ ಮಗು ಸುಮ್ಮನಾಗುತ್ತದಲ್ಲ... ಹಾಗೆ.

ಅವಳು ಓಡಿದಳು. ಮನೆಯಲ್ಲಿ ಜೋಸಿ ಹಾಸಿಗೆಯಲ್ಲೇ ಇದ್ದಳು. ಅತ್ತೆ ಓಪಲ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

"ಎದ್ದಿದ್ದಳಾ ಅತ್ತೆ?"

"ಎಲ್ಲಿ ಎದ್ದಳು! ಊಟ ಆದಾಗಿನಿಂದ ಒಂದೇ ನಿದ್ದೆ. ಒಂದು ಸಲಾನೂ ಕೆಮ್ಮಿಲ್ಲ ಕಣೇ. ನನಗೇ ಹೆದರಿಕೆಯಾಗಿ ಮೂಗಿಗೆ ಬೆರಳು ಹಿಡಿದು ನೋಡಿದೆ."

ಜೋಸಿಯ ಕೆಮ್ಮು ಎಂಥದ್ದು ಅಂತ ನಮಗೆಲ್ಲ ಗೊತ್ತು. ಗಿಡ್ಡ ಎರಡು, ಉದ್ದ ಒಂದು, ಕೊನೆಗೆ ಸುಂಯ್ ಅಂತ ಸೀಟಿ. ಆಗ ಅವಳಿಗೆ ಐದು ವರ್ಷ. ಚಳಿಗಾಲ ಬಂದರೆ ತುಟಿ ನೀಲಿಯಾಗುತ್ತಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಕೊನೆಯ ಸಲ ಸುತ್ತಿ ಬಳಸಿ ಹೇಳಲಿಲ್ಲ. "ನಿಮ್ಮ ಮನೆಯ ತೇವ ಈ ಮಗುವಿನ ಎದೆಗೆ ಇಳಿದಿದೆ. ಮನೆ ಒಣಗಬೇಕು, ಇಲ್ಲ ನೀವು ಮನೆ ಬಿಡಬೇಕು. ಇನ್ನೊಂದು ಚಳಿಗಾಲ ಇವಳು ತಡೆಯಲ್ಲ."

ಬಿಟ್ಟು ಎಲ್ಲಿಗೆ ಹೋಗುವುದು? ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ನೀರು ನಿಂತ ಮನೆಯನ್ನು ಕೊಳ್ಳಲು ಯಾರು ಬರುತ್ತಾರೆ, ಕಪ್ಪೆಗಳಾ?

ಅದಕ್ಕೇ, ಪೈಪಿನಲ್ಲಿ ಕೆಮ್ಮು ಕೇಳುವ ಕೆಲವು ವಾರ ಮುಂಚೆ, ಡೆಲ್ಬರ್ಟ್ ಮನೆಯಡಿಗೆ ಇಳಿದಿದ್ದ. ನೆಲಕ್ಕೂ ಮಣ್ಣಿಗೂ ನಡುವೆ ಅಲ್ಲಿ ಮೊಳ ಎರಡು ಮೊಳ ಸಂದು. ಹೊಟ್ಟೆಯ ಮೇಲೆ ತೆವಳಬೇಕು. ಗಿಡ್ಡ ಗಣಿಯಲ್ಲಿ ಮಲಗಿಕೊಂಡೇ ಕಲ್ಲಿದ್ದಲು ಕಡಿದವನಿಗೆ ಅದೇನು ಹೊಸದೇ? ತಳಪಾಯದ ಗೋಡೆಗೆ ಒತ್ತಿಕೊಂಡು ಒಳಗೇ ಸುತ್ತಲೂ ಕಾಲುವೆ ತೋಡಿದ. ಅದರಲ್ಲಿ ತೂತು ಪೈಪು ಮಲಗಿಸಿದ. ತಗ್ಗಿನ ಮೂಲೆಯಲ್ಲಿ ಗುಂಡಿ, ಗುಂಡಿಯಲ್ಲಿ ಪಂಪು. ಪೈಪಿನ ಸುತ್ತ ಜಲ್ಲಿ ತುಂಬಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿದರೆ ಮುಗಿಯಿತು. ಆದರೆ ಜಲ್ಲಿ ಲಾರಿ ಸೇತುವೆಯ ಮುಂದೆ ನಿಂತು, ಹಾರನ್ ಹೊಡೆದು, ವಾಪಸ್ಸು ಹೋಯಿತು. ಡೆಲ್ಬರ್ಟ್ ಗುಡ್ಡದಿಂದ ಕಲ್ಲು ಹೊತ್ತು ತಂದು ತಾನೇ ಒಡೆದು ತುಂಬಿದ.

ಮನೆ ಒಣಗಿತು. ಬಾಗಿಲು ಉಬ್ಬುವುದು ನಿಂತಿತು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಉದುರತೊಡಗಿತು. ಜೋಸಿಯ ಕೆಮ್ಮು ದಿನದಿನಕ್ಕೆ ಇಳಿಯಿತು.

ಕೆಮ್ಮು ಕೆಳಗೆ ಶುರುವಾಯಿತು.

ಮನೆಯೊಳಗೆ ಮೊದಲು ಕೇಳಿದ್ದು ಪ್ಲಾಸ್ಟಿಕ್ಕಿನ ಸದ್ದು. ಪರ್... ಪರ್... ಹಾಸಿದ ಹಾಳೆಯ ಅಡಿಯಲ್ಲಿ ಏನೋ ತೆವಳಿದಂತೆ. ಗೋಡೆಗುಂಟ ಹೋಗುತ್ತಿತ್ತು, ಮೂಲೆಯಲ್ಲಿ ತಿರುಗುತ್ತಿತ್ತು, ಮತ್ತೆ ಹೋಗುತ್ತಿತ್ತು. ಕಾಲುವೆ ಇದ್ದಲ್ಲೆಲ್ಲ. ಆಮೇಲೆ ಖುಹ್. ಅದಕ್ಕೆ ಉತ್ತರವೆಂಬಂತೆ ಇನ್ನೊಂದು ಮೂಲೆಯಿಂದ ಖುಹ್, ಖುಹ್.

"ಹೆಗ್ಗಣ," ಅಂದ ಡೆಲ್ಬರ್ಟ್.

"ನಿಮ್ಮ ಮನೆ ಹೆಗ್ಗಣಕ್ಕೆ ನೆಗಡಿಯೂ ಆಗುತ್ತಾ?" ಅಂದಳು ವರ್ಲೀನ್.

ಓಪಲ್ ನಗಲಿಲ್ಲ. ಬೆಳಗ್ಗೆ ಬೀನ್ಸಿನ ನಾರು ತೆಗೆಯುತ್ತಾ ಕೂತಿದ್ದವಳು ಮಗನನ್ನು ಕೇಳಿದಳು. "ಕಲ್ಲು ಎಲ್ಲಿಂದ ತಂದ್ಯೋ?"

"ಗುಡ್ಡದ ಮೇಲಿಂದ. ಬೀಚ್ ಮರದ ಹತ್ತಿರ ಬಿದ್ದಿದ್ದವು, ಎಲೆಯಡಿ."

"ಎಷ್ಟು ದೊಡ್ಡವು?"

"ಒಂದು ಇಡೀ ಬ್ರೆಡ್ಡಿನಷ್ಟು ಇರಬಹುದು. ಹೊರೋಕೆ ಸಲೀಸಾಗಿದ್ದವು."

"ಬಿದ್ದಿದ್ದವಾ... ನೆಟ್ಟಗೆ ನಿಂತಿದ್ದವಾ?"

ಡೆಲ್ಬರ್ಟ್ ತನ್ನ ಅಂಗೈಗಳನ್ನು ನೋಡಿಕೊಂಡ.

"ಎರಡೆರಡು ಇದ್ದವೇನೋ? ಒಂದು ಇಲ್ಲಿ, ಒಂದು ಅಲ್ಲಿ? ನಡುವೆ ಇಷ್ಟೇ ಇಷ್ಟು ಜಾಗ?" ಓಪಲ್ ಎರಡು ಕೈ ಅಗಲಿಸಿ ತೋರಿಸಿದಳು. ಒಂದು ಮಗು ಮಲಗುವಷ್ಟು.

ನಮ್ಮ ಗುಡ್ಡಗಳಲ್ಲಿ ಗೋರಿಗೆ ಹೆಸರು ಕೆತ್ತಿಸಲು ಕೈಲಾಗದವರು ಏನು ಮಾಡುತ್ತಾರೆ ಅಂತ ಗೊತ್ತಲ್ಲ. ಹೊಲದ ಒಂದು ಕಲ್ಲು ತಲೆಗೆ, ಒಂದು ಕಲ್ಲು ಕಾಲಿಗೆ. ಮಕ್ಕಳಿಗಾದರೆ ಸಣ್ಣ ಕಲ್ಲು. ಓಪಲ್‌ಳ ಅಜ್ಜಿಯ ಕಾಲದಲ್ಲಿ ಒಂದು ಚಳಿಗಾಲ ಇಡೀ ಕಣಿವೆಗೆ ನಾಯಿಕೆಮ್ಮು ಬಂದಿತ್ತಂತೆ. ಮನೆಗೊಂದು, ಮನೆಗೆರಡು ಮಕ್ಕಳು ಹೋದವಂತೆ.

"ಅಯ್ಯೋ ಪಾಪಿ... ಅವುಗಳ ತಲೆಗಲ್ಲು ಕಿತ್ತು ಚರಂಡಿಗೆ ಹಾಕಿದ್ಯಲ್ಲೋ! ಹೋಗು, ಈಗಲೇ ವಾಪಸ್ಸು ನೆಡು."

"ಹೇಗೆ ನೆಡಲಮ್ಮ?" ಅಂದ ಡೆಲ್ಬರ್ಟ್. "ಸಮ್ಮಟಿಗೆಯಲ್ಲಿ ಒಡೆದಿದೀನಿ. ಯಾವ ಚೂರು ಯಾರದು?"

ಮೂವರೂ ಗುಡ್ಡ ಹತ್ತಿದರು. ಎಲೆ ಸರಿಸಿ ನೋಡಿದರು. ಕಲ್ಲು ಕಿತ್ತ ಗುಳಿಗಳೂ ಮಳೆಗೆ ಮುಚ್ಚಿಹೋಗಿದ್ದವು. ಎಲ್ಲ ಒಂದೇ ಸಮ.

"ಪಾದ್ರಿಯನ್ನು ಕರೆಸೋಣ," ಅಂದಳು ಓಪಲ್. "ಚೂರೆಲ್ಲ ತೆಗೆದು ತಂದು ಇಲ್ಲೇ ರಾಶಿ ಹಾಕೋಣ."

"ತೆಗೆದರೆ ಪೈಪಿಗೆ ಕೆಸರು ಕಟ್ಟುತ್ತೆ, ನೀರು ಬರುತ್ತೆ," ಅಂದ ಡೆಲ್ಬರ್ಟ್. ಹೆಂಡತಿಯ ಮುಖ ನೋಡಿದ.

ವರ್ಲೀನ್ ಕೋಟನ್ನು ಬಿಗಿಯಾಗಿ ಸುತ್ತಿಕೊಂಡಳು. "ಯಾರೂ ಏನೂ ತೆಗೆಯುವುದು ಬೇಡ. ಸತ್ತವು ಕೆಮ್ಮಿದರೆ ಕೆಮ್ಮಲಿ. ನನ್ನ ಮಗು ಕೆಮ್ಮಬಾರದು."

ಅವಳನ್ನು ಬೈಯಬೇಡಿ. ನೀವಾದರೂ ಅದನ್ನೇ ಹೇಳುತ್ತಿದ್ದಿರಿ. ನಾನಂತೂ ಹೇಳುತ್ತಿದ್ದೆ.

ರಾತ್ರಿ ಫ್ಯಾನು ಜೋರಾಗಿ ಹಾಕಿ ಮಲಗತೊಡಗಿದರು, ಸದ್ದು ಕೇಳಬಾರದೆಂದು. ಜೋಸಿಗೆ ಕೆಮ್ಮು ಪೂರ್ತಿ ಹೋಯಿತು. ಆದರೆ ಅವಳು ಆಟ ಬಿಟ್ಟು ನೆಲಕ್ಕೆ ಕಿವಿ ಒತ್ತಿ ಮಲಗುವುದು ಕಲಿತಳು.

"ಏನು ಮಾಡ್ತಿದೀಯೇ?"

"ಶ್..." ಜೋಸಿ ಪಿಸುಗುಟ್ಟಿದಳು. "ಅವಕ್ಕೆ ನಿದ್ದೆ ಬರ್ತಿಲ್ಲಮ್ಮ."

"ಯಾವಕ್ಕೆ?"

"ತಲೆ ಯಾವ ಕಡೆ ಇಡಬೇಕು ಅಂತ ಗೊತ್ತಾಗ್ತಿಲ್ಲ ಅಂತೆ."

ವರ್ಲೀನ್ ಅವಳನ್ನು ಎತ್ತಿ ಮಂಚದ ಮೇಲೆ ಕೂರಿಸಿದಳು. ತಿರುಗಿ ನೋಡುವಷ್ಟರಲ್ಲಿ ಮತ್ತೆ ನೆಲದ ಮೇಲೆ.

ಆಮೇಲೊಂದು ರಾತ್ರಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಕೆಳಗಿನ ಕೆಮ್ಮುಗಳು ಒಂದೊಂದಾಗಿ ಬಂದವು. ಖುಹ್... ಅಲ್ಲೊಂದು. ಖುಹ್, ಖುಹ್... ಇಲ್ಲೊಂದು. ವರ್ಲೀನ್ ದಿಂಬಿನಿಂದ ಕಿವಿ ಮುಚ್ಚಿಕೊಳ್ಳಲು ಹೋದಳು.

ಆಗ ಕೇಳಿಸಿತು. ಗಿಡ್ಡ ಎರಡು. ಉದ್ದ ಒಂದು. ಕೊನೆಗೆ... ಸುಂಯ್.

ಐದು ವರ್ಷ ಎದೆಗೆ ಆನಿಸಿಕೊಂಡು ಕೇಳಿದ ಕೆಮ್ಮು. ಸಾವಿರದಲ್ಲಿ ಗುರುತು ಹಿಡಿಯುತ್ತಿದ್ದಳು. ಪಕ್ಕಕ್ಕೆ ಕೈ ಹಾಕಿದಳು. ಜೋಸಿ ಅಲ್ಲೇ ಇದ್ದಳು. ಬೆಚ್ಚಗಿದ್ದಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು... ಸದ್ದೇ ಇಲ್ಲ.

ಕೆಮ್ಮು ಮಾತ್ರ ಕೆಳಗೆ.

ಅವಳು ಟಾರ್ಚು ಹಿಡಿದು ರಾತ್ರಿಯುಡುಪಿನಲ್ಲೇ ಮನೆಯಡಿಗೆ ನುಗ್ಗಿದಳು. ತೊಲೆಗಳು ಬೆನ್ನಿಗೆ ತಾಕುತ್ತಿದ್ದವು. ಬೆಳಕು ಬಿಟ್ಟು ನೋಡಿದರೆ, ಗೋಡೆಗುಂಟ ಪ್ಲಾಸ್ಟಿಕ್ ಉಬ್ಬಿತ್ತು. ಇಳಿಯಿತು. ಮತ್ತೆ ಉಬ್ಬಿತು. ಇಲ್ಲಿ ಒಂದು, ಅದರ ಪಕ್ಕ ಒಂದು, ಸಾಲಾಗಿ.

"ಕೊಟ್ಬಿಡಿ," ಅಂದಳು ವರ್ಲೀನ್. "ಅದು ನನ್ನ ಮಗಳದು. ಕೊಟ್ಬಿಡಿ ಕಂದಮ್ಮಗಳಿರಾ... ನಿಮ್ಮದು ನಿಮಗೆ ಕೊಡ್ತೀನಿ."

ಎಲ್ಲ ಉಬ್ಬುಗಳೂ ಒಟ್ಟಿಗೆ ಇಳಿದವು. ಮತ್ತೆ ಏಳಲಿಲ್ಲ.

ಅವಳು ಉಗುರಿನಿಂದಲೇ ಹಾಳೆ ಹರಿದಳು. ಹರಿದ ಸದ್ದಿಗೆ ಡೆಲ್ಬರ್ಟ್ ತೆವಳಿ ಬಂದ. ಬೆಳಗಾಗುವವರೆಗೆ ಇಬ್ಬರೂ ಚೂರು ಬಾಚಿ ಬಕೆಟ್ಟಿಗೆ ತುಂಬಿದರು, ಗುಡ್ಡಕ್ಕೆ ಹೊತ್ತರು, ಬೀಚ್ ಮರದಡಿ ಸುರಿದರು. ಓಪಲ್ ಅಲ್ಲೇ ಮಂಡಿಯೂರಿ ಕೂತು, ಯಾವ ಹೆಸರೂ ತಿಳಿಯದೆ, ಬರೀ "ಮಕ್ಕಳೇ, ಮಕ್ಕಳೇ" ಅಂತ ಪ್ರಾರ್ಥಿಸಿದಳು.

ಆ ವಾರ ಮಳೆ ಹಿಡಿಯಿತು. ಪೈಪಿಗೆ ಕೆಸರು ತುಂಬಿತು, ಪಂಪು ಕುಕ್ಕಿ ಕುಕ್ಕಿ ನಿಂತಿತು. ಮನೆಯಡಿ ಮೊದಲಿನಂತೆ ನೀರು. ಗೋಡೆಗೆ ಕಪ್ಪು ಬೂಷ್ಟು. ಓಪಲ್‌ಗೆ ದಮ್ಮು ಬಂತು. ನೆಲದಡಿ ಸದ್ದಿಲ್ಲ.

ಜೋಸಿಯೂ ಕೆಮ್ಮಲಿಲ್ಲ. ವರ್ಲೀನ್ ಹಾಸಿಗೆಯ ಪಕ್ಕ ಕೂತು ಕಾದಳು. ಒಂದೇ ಒಂದು ಸಲ ಕೆಮ್ಮೇ, ಅಂತ ಬೇಡಿಕೊಂಡಳು. ಇಂಥ ಬೇಡಿಕೆಯನ್ನು ಯಾವ ತಾಯಿ ಬೇಡಿದ್ದಾಳೆ ಹೇಳಿ? ಜೋಸಿ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಚಳಿಗಾಲ ದಾಟಿತು, ಮುಂದಿನದೂ. ಇವತ್ತಿನವರೆಗೂ ಕೆಮ್ಮಿಲ್ಲ.

ಡಾಕ್ಟರಮ್ಮನಿಗೆ ಖುಷಿ. ಎದೆ ಸ್ವಚ್ಛ ಅಂದಳು. ಮೂಳೆ ಸರಿಯಿದೆ, ರಕ್ತ ಸರಿಯಿದೆ ಅಂತಲೂ ಅಂದಳು. ಅದನ್ನೆಲ್ಲ ಯಾಕೆ ಪರೀಕ್ಷೆ ಮಾಡಿಸಬೇಕಾಯಿತು ಅಂತ ಕೇಳುತ್ತೀರಾ?

ಸುಳ್ಳು ಹೇಳಿ ನನಗೇನು ಸಿಗಬೇಕು? ಹೋದ ಈಸ್ಟರ್ ಹಬ್ಬಕ್ಕೆ ನಾನೇ ಅವರ ಮನೆಗೆ ಹೋಗಿದ್ದೆ. ನನ್ನ ಚಿಕ್ಕ ಮಗಳಿಗೆ ಬಿಗಿಯಾದ ಶೂಗಳಿದ್ದವು, ಇನ್ನೂ ಚೆನ್ನಾಗಿದ್ದವು. ಜೋಸಿಯನ್ನು ಕೂರಿಸಿ ನಾನೇ ಹಾಕಿದೆ. ಸರಿಯಾಗಿ ಕೂತವು.

ನನ್ನ ಚಿಕ್ಕವಳಿಗೆ ಆರು ನಡೆಯುತ್ತಿದೆ. ಜೋಸಿಗೆ ಈ ಸೆಪ್ಟೆಂಬರಿಗೆ ಹನ್ನೊಂದು.